ನಾಲ್ಕನೇ ಮಹಡಿಯ ಪರದೆಗಳು

ಬೇಸ್‌ಬಾಲ್ ಮೈದಾನವನ್ನು ಕಾಗದಕ್ಕೆ ಇಳಿಸುವಾಗ ಎಲ್ಲಕ್ಕಿಂತ ಮೊದಲು ಗುರುತು ಹಾಕಬೇಕಾದದ್ದು ಹೋಮ್ ಪ್ಲೇಟ್. ನೆಲಕ್ಕೆ ಹೂತ, ಐದು ಮೂಲೆಯ ಒಂದು ಬಿಳಿ ಹಲಗೆ. ಅದರ ಪಕ್ಕದಲ್ಲಿ ಬ್ಯಾಟರ್ ನಿಲ್ಲುತ್ತಾನೆ. ಅರವತ್ತು ಅಡಿ ದೂರದ ದಿಬ್ಬದಿಂದ ಪಿಚರ್ ಚೆಂಡೆಸೆಯುತ್ತಾನೆ. ಇವೆರಡನ್ನೂ ಸೇರಿಸುವ ಗೆರೆ ಪೂರ್ವಕ್ಕೆ, ಸ್ವಲ್ಪ ಈಶಾನ್ಯಕ್ಕೆ ವಾಲಿ ಹೋಗಬೇಕು. ಆಗ ಸಂಜೆಯ ಸೂರ್ಯ ಬ್ಯಾಟರನ ಬೆನ್ನಿಗಿರುತ್ತಾನೆ. ಕ್ರಿಕೆಟ್‌ನಲ್ಲಿ ಎರಡೂ ತುದಿಯಿಂದ ಆಡುವುದರಿಂದ ಪಿಚ್ಚನ್ನು ಉತ್ತರ ದಕ್ಷಿಣಕ್ಕೆ ಹಾಕುತ್ತಾರೆ. ಇಲ್ಲಿ ಒಂದೇ ತುದಿ, ಒಂದೇ ದಿಕ್ಕು. ಇದನ್ನು ಕಲಿತ ದಿನ ಸಿಂಗಪುರದ ಟೋವಾ ಪಾಯೋದ ನಮ್ಮ ಆಫೀಸಿನಲ್ಲಿ ಎದ್ದು ನಿಂತು, ಟಿವಿಯ ವಾಸ್ತು ಪಂಡಿತರ ಧ್ವನಿಯಲ್ಲಿ, ಈಶಾನ್ಯದಲ್ಲಿ ಭಾರ ಇಟ್ಟರೆ ಯಜಮಾನನಿಗೆ ಆಗದು ಎಂದು ಘೋಷಿಸಿದೆ. ಅಲ್ಲಿ ಯಾರಿಗೂ ಕನ್ನಡ ಬಾರದು. ನಾನೇ ನಕ್ಕು ನಾನೇ ಕೂತೆ.

ಅಲ್ಲಿ ನನ್ನ ಕೆಲಸ ಮಾಡೆಲ್ ಮತ್ತು ಚಿತ್ರ ಮಾಡುವುದು. ಆರ್ಕಿಟೆಕ್ಟ್‌ಗಳು ಗೆರೆಯಲ್ಲಿ ಹೇಳಿದ್ದನ್ನು ಕಂಪ್ಯೂಟರಿನೊಳಗೆ ಕಟ್ಟಿ, ಹುಲ್ಲು ಹಾಸಿ, ಬಿಸಿಲು ಬಿಟ್ಟು, ಐಸ್‌ಕ್ರೀಮ್ ಹಿಡಿದ ಕುಟುಂಬಗಳನ್ನು ಅಲ್ಲಲ್ಲಿ ನಿಲ್ಲಿಸಿ, ಇನ್ನೂ ಹುಟ್ಟದ ಕಟ್ಟಡದ ಫೋಟೊ ತೆಗೆಯುವುದು. ಇದರ ಜೊತೆಗೆ ಸಂಬಳವಿಲ್ಲದ ಇನ್ನೊಂದು ಕೆಲಸವಿತ್ತು: ಎಲ್ಲರ ಧ್ವನಿ. ರೈಲಿನ ಬಾಗಿಲು ಮುಚ್ಚುವ ಮುನ್ನ ಎಚ್ಚರಿಸುವ ಎಂಆರ್‌ಟಿ ಹೆಂಗಸು, ಯಾವ ಪ್ರಶ್ನೆಗೂ ‘ಕ್ಯಾನ್’ ‘ಕೆನಾಟ್’ ಎಂಬ ಎರಡೇ ಉತ್ತರವುಳ್ಳ ನಮ್ಮ ತಂಡದ ಲೀಡ್, ಫೋನಿನಲ್ಲಿ ಅಮ್ಮ ಸಿಕ್ಕರೆ ಮೈಸೂರಿನವನೂ ಲೀಡ್ ಕಂಡ ಕೂಡಲೇ ಸಿಂಗಪುರದವನೂ ಆಗುವ ನಾನು, ಎಲ್ಲರೂ ನನ್ನ ಗಂಟಲಲ್ಲೇ ಬಾಡಿಗೆಗಿದ್ದರು.

ಆ ವರ್ಷ ನಮಗೆ ಬಂದದ್ದು ಅಮೆರಿಕದ ನಡುಭಾಗದ ಒಂದು ಸಣ್ಣ ಊರಿನ ಸ್ಟೇಡಿಯಂ. ದೊಡ್ಡ ಲೀಗ್‌ಗೆ ಹೋಗುವ ಮುನ್ನ ಹುಡುಗರು ಪಳಗುವ ಕೆಳಹಂತದ ತಂಡ. ಆದರೆ ಆ ಊರಿಗೆ ಅದೇ ಹೆಮ್ಮೆ. ಮೊದಲು ಮೈದಾನ ಊರ ನಡುಮಧ್ಯೆಯೇ ಇತ್ತು. ರೈಲ್ವೆ ಯಾರ್ಡಿನ ಪಕ್ಕ, ಇಟ್ಟಿಗೆ ಗೋದಾಮುಗಳ ನಡುವೆ, ಕೆಲಸ ಬಿಟ್ಟವರು ನಡೆದೇ ಬಂದು ಕೂರುವ ಮರದ ಗ್ಯಾಲರಿ. ಆಮೇಲೆ ಎಲ್ಲರಿಗೂ ಕಾರು ಬಂತು. ತಂಡ ಹೆದ್ದಾರಿಯ ಪಕ್ಕಕ್ಕೆ ಹೋಯಿತು, ಗ್ಯಾಲರಿ ಕೆಡವಿದರು, ಊರ ನಡುಮಧ್ಯೆ ಪಾರ್ಕಿಂಗ್ ಜಾಗ ಉಳಿಯಿತು. ಈಗ ಊರಿಗೆ ಮತ್ತೆ ಜೀವ ತರಬೇಕೆಂದು ಅದೇ ಜಾಗದಲ್ಲಿ ಹೊಸ ಸ್ಟೇಡಿಯಂ. ರಸ್ತೆಯಲ್ಲಿ ನಡೆಯುವವರಿಗೂ ಆಟ ಕಾಣಬೇಕು, ಆಟ ನೋಡುವವರಿಗೂ ಊರು ಕಾಣಬೇಕು ಎಂಬುದು ಅವರು ಕೊಟ್ಟ ಸೂಚನೆ.

ಊರು ಕಾಣುವುದಕ್ಕೆ ಅಡ್ಡ ಬಂದದ್ದು ಒಂದು ಗೋಡೆ. ಹೋಮ್ ಪ್ಲೇಟಿನಿಂದ ನೇರ ಎದುರಿಗೆ, ಮೈದಾನದ ಆಚೆ ಕೊನೆಯಲ್ಲಿ, ಊರಿನವರ ಮೊದಲ ನಕ್ಷೆಯಲ್ಲಿದ್ದ ಕಡು ಹಸಿರಿನ ನಲವತ್ತು ಅಡಿ ಗೋಡೆ. ಪಿಚರನ ಕೈಯಿಂದ ಹೊರಡುವ ಬಿಳಿ ಚೆಂಡು ಬ್ಯಾಟರನಿಗೆ ಸ್ಪಷ್ಟವಾಗಿ ಕಾಣಲೆಂದು ಇರುವ ಹಿನ್ನೆಲೆ. ನಮ್ಮ ಕ್ರಿಕೆಟ್ಟಿನ ಸೈಟ್‌ಸ್ಕ್ರೀನ್‌ನ ಅಣ್ಣ. ಅದರ ಹಿಂದೆ ರಸ್ತೆ, ರಸ್ತೆಯಾಚೆ ನಾಲ್ಕು ಮಹಡಿಯ ಹಳೆಯ ಬೀಜದ ಗೋದಾಮು. ಸರ್ವೆ ಫೋಟೊಗಳಲ್ಲಿ ಅದರ ಕಿಟಕಿಗಳಿಗೆಲ್ಲ ಪ್ಲೈವುಡ್ ಬಡಿದಿತ್ತು. ಆದರೆ ಊರಿನವರ ಯೋಜನೆಯಲ್ಲಿ ಅದು ಫ್ಲಾಟ್‌ಗಳಾಗುವುದಿತ್ತು. ಪ್ಲೈವುಡ್ ಕಿತ್ತು ಗಾಜು ಹಾಕುವುದಿತ್ತು. ನಾನು ಚಿತ್ರದಲ್ಲಿ ಗಾಜನ್ನು ಮೊದಲೇ ಹಾಕಿಬಿಟ್ಟೆ. ಸಂಜೆಯ ಬಿಸಿಲು ಬಿಟ್ಟೆ. ಕಿಟಕಿಗಳು ಬಂಗಾರದಂತೆ ಹೊಳೆದವು. ಗೋಡೆಯನ್ನು ಹದಿನೆಂಟು ಅಡಿಗೆ ಇಳಿಸಿದರೆ ಆ ಹೊಳಪೆಲ್ಲ ಗ್ಯಾಲರಿಗೆ ಕಾಣುತ್ತದೆ ಎಂದು ಪರಿಶೀಲನಾ ಸಭೆಯಲ್ಲಿ ಹೇಳಿದವನು ನಾನೇ.

ಲೀಡ್ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಗೋಡೆ ಅಷ್ಟು ಎತ್ತರ ಇರುವುದಕ್ಕೆ ಕಾರಣ ಇರಬಹುದು, ಹಳೆಯ ಮೈದಾನವನ್ನು ನೋಡಿಕೊಳ್ಳುತ್ತಿದ್ದ ಗ್ರೌಂಡ್ಸ್‌ಮನ್ ಇನ್ನೂ ಇದ್ದಾರಂತೆ, ಮೊದಲು ಅವರನ್ನು ಕೇಳು, ಮಿನಿಟ್ಸ್ ಬರೆ, ಅದರ ಮೇಲೆ ತೀರ್ಮಾನಿಸೋಣ ಎಂದಳು. ತನಗೆ ಆ ಹೊತ್ತಿಗೆ ಟುವಾಸ್‌ನಲ್ಲಿ ಬೇರೆ ಸೈಟಿದೆ, ನೀನೇ ನಡೆಸು ಎಂದೂ ಹೇಳಿದಳು. ನನಗೊಬ್ಬನಿಗೇ ಒಪ್ಪಿಸಿದ ಮೊದಲ ಕರೆ ಅದು.

ನಮಗೆ ಬೆಳಿಗ್ಗೆ ಎಂಟು, ಅವರಿಗೆ ಹಿಂದಿನ ದಿನದ ಸಂಜೆ ಎಂಟು. ಕ್ಲಬ್ಬಿನ ಮ್ಯಾನೇಜರ್, ಊರಿಗೆ ಹೊಸಬ, ಆ ಗ್ರೌಂಡ್ಸ್‌ಮನ್ ಅಜ್ಜನನ್ನು ಪರಿಚಯಿಸಿ ಬೇರೆ ಕೆಲಸಕ್ಕೆ ಹೊರಟುಹೋದ. ಪರದೆಯ ಮೇಲೆ ಟೋಪಿ ಹಾಕಿದ, ಕೆನ್ನೆ ಒಳಗೆ ಹೋದ ಒಂದು ಮುಖ ಉಳಿಯಿತು. ಅವರು ಮಾತಾಡತೊಡಗಿದ ಕೂಡಲೇ ನನಗೆ ಹಬ್ಬ. ವಾಕ್ಯಕ್ಕೂ ವಾಕ್ಯಕ್ಕೂ ನಡುವೆ ಒಂದು ಲಾರಿ ಹಾದುಹೋಗುವಷ್ಟು ಜಾಗ. ಪ್ರತಿ ಮಾತಿನ ಕೊನೆಗೆ ಹಲ್ಲುಸೆಟ್ಟಿನಿಂದ ಸಣ್ಣದೊಂದು ಶಿಳ್ಳೆ. ಮುಖ್ಯವಾದದ್ದು ಹೇಳುವ ಮುನ್ನ ಗದ್ದ ಎತ್ತಿ ಟೋಪಿಯ ಅಂಚಿನಡಿಯಿಂದ ನೋಡುವುದು. ನಾನು ನನ್ನ ಮೈಕೂ ಕ್ಯಾಮೆರಾವೂ ಆಫ್ ಮಾಡಿಕೊಂಡು ಅವರ ಜೊತೆಜೊತೆಗೇ ಬಾಯಿ ಆಡಿಸುತ್ತಾ ಕೂತೆ. ಮಣ್ಣಿನ ವಿಷಯ ಹೇಳಿದರು, ಚರಂಡಿಯ ವಿಷಯ ಹೇಳಿದರು, ಪಾರಿವಾಳಗಳ ವಿಷಯ ಹತ್ತು ನಿಮಿಷ ಹೇಳಿದರು. ಆಮೇಲೆ ಗದ್ದ ಎತ್ತಿದರು. ಅವರ ಇಂಗ್ಲಿಷನ್ನು ನನ್ನ ಕನ್ನಡದಲ್ಲಿ ಕೊಡುವುದಾದರೆ, ಹೇಳಿದ್ದು ಇಷ್ಟು (ಬೇಸ್‌ಬಾಲ್ ಆಟಕ್ಕೆ ಒಂಬತ್ತು ಇನಿಂಗ್ಸ್, ಎಲ್ಲ ಒಂದೇ ಸಂಜೆಗೆ):

“ನಾಲ್ಕನೇ ಇನಿಂಗ್ಸ್ ಶುರುವಾದ್ರೆ ನಾನು ರಸ್ತೆ ದಾಟಿ ಹೋಗ್ತಿದ್ದೆ, ಯಂಗ್ ಮ್ಯಾನ್. ಆ ಬೀಜದ ಗೋದಾಮಿನ ನಾಲ್ಕನೇ ಮಹಡಿ ಹತ್ತಿ, ಪರದೆಗಳನ್ನ ಒಂದೊಂದಾಗಿ ಎಳೆದು, ವಾಪಸ್ ಬರ್ತಿದ್ದೆ. ಪ್ರತಿ ಆಟಕ್ಕೂ. ಮೋಡ ಇದ್ರೆ ಮಾತ್ರ ರಜಾ.”

ಅಷ್ಟು ಹೊತ್ತಿಗೆ ಪಕ್ಕದ ಮೇಜಿನ ಗೆಳೆಯ ಎರಡು ಲೋಟ ಕೋಪಿ, ಅಂದರೆ ಸಿಂಗಪುರದ ಕಾಫಿ, ಹಿಡಿದು ಬಂದ. ನನಗೆ ತಡೆಯಲಾಗಲಿಲ್ಲ. ಕರೆಯ ಸದ್ದನ್ನು ಪೂರ್ತಿ ಇಳಿಸಿ, ಗದ್ದ ಎತ್ತಿ, ಶಿಳ್ಳೆ ಸಮೇತ, ಆಗ ತಾನೇ ಕೇಳಿದ ಆ ಮಾತುಗಳನ್ನು ಬಿಸಿಬಿಸಿಯಾಗಿ ಬಡಿಸಿದೆ. ಅವನು ಕೋಪಿ ಚೆಲ್ಲಿಕೊಂಡು ನಕ್ಕ. ಇನ್ನೊಮ್ಮೆ ಮಾಡು ಎಂದ, ಮಾಡಿದೆ. ಪರದೆಯ ಮೇಲೆ ಅಜ್ಜನ ತುಟಿಗಳು ಆಡುತ್ತಲೇ ಇದ್ದವು. ಒಂದೆರಡು ನಿಮಿಷ ಇರಬೇಕು. ನಾನು ಸದ್ದು ಏರಿಸುವಾಗ ಅವರು ಸುಮ್ಮನಾಗಿದ್ದರು. ಉತ್ತರಕ್ಕೆ ಕಾಯುವವರಂತೆ ನೋಡುತ್ತಿದ್ದರು. ಥ್ಯಾಂಕ್ಯೂ ಸರ್, ನೋಟೆಡ್ ಎಂದೆ. ಕರೆ ಮುಗಿಯಿತು.

ಮಿನಿಟ್ಸ್‌ನಲ್ಲಿ ಮಣ್ಣಿನ ಬಗ್ಗೆ ಎರಡು ಸಾಲು, ಚರಂಡಿಯ ಬಗ್ಗೆ ಮೂರು ಸಾಲು ಬರೆದೆ. ಕೊನೆಯ ಸಾಲು: ಹಿರಿಯರು ಹಳೆಯ ದಿನಗಳ ನೆನಪುಗಳನ್ನೂ ಹಂಚಿಕೊಂಡರು. ಗೋಡೆಯ ಎತ್ತರದ ಬಗ್ಗೆ ಆಕ್ಷೇಪಣೆ ಬಂದಿಲ್ಲ ಎಂದು ಲೀಡ್‌ಗೆ ಹೇಳಿದೆ. ಅದು ಸುಳ್ಳೂ ಆಗಿರಲಿಲ್ಲ. ನಾನು ಕೇಳಿರಲೇ ಇಲ್ಲವಲ್ಲ.

ಪ್ಯಾಂಟ್ರಿಯಲ್ಲಿ ಆ ಅಜ್ಜ ನನ್ನ ಅತ್ಯಂತ ಜನಪ್ರಿಯ ಐಟಂ ಆದರು. ಊಟದ ಹೊತ್ತಿಗೆ ಯಾರಾದರೂ ಕಿಟಕಿಯ ಬ್ಲೈಂಡ್ ಎಳೆದರೆ ಸಾಕು, ನಾಲ್ಕು ಜನ ಒಟ್ಟಿಗೆ ‘ನಾಲ್ಕನೇ ಇನಿಂಗ್ಸ್, ಯಂಗ್ ಮ್ಯಾನ್’ ಎನ್ನುತ್ತಿದ್ದರು. ಗೆಳೆಯ ಒಂದು ದಿನ ಅದನ್ನು ಫೋನಿನಲ್ಲಿ ವಿಡಿಯೊ ಮಾಡಿಟ್ಟುಕೊಂಡ. ಬೇರೆಯವರ ಕಟ್ಟಡಕ್ಕೆ ಹೋಗಿ ಪರದೆ ಎಳೆದು ಬರುವ ಗ್ರೌಂಡ್ಸ್‌ಮನ್! ಇದಕ್ಕಿಂತ ತಮಾಷೆ ಏನಿದೆ ಎಂಬುದು ನಮ್ಮ ಭಾವನೆ. ಹದಿನೆಂಟು ಅಡಿಯ ಗೋಡೆ ನಕ್ಷೆಗೆ ಇಳಿಯಿತು. ಬಂಗಾರದ ಕಿಟಕಿಗಳ ನನ್ನ ಚಿತ್ರವನ್ನು ಊರಿನವರು ದೊಡ್ಡದಾಗಿ ಮುದ್ರಿಸಿ ಪುರಭವನದಲ್ಲಿ ನಿಲ್ಲಿಸಿದರಂತೆ.

ಒಂದು ತಿಂಗಳಾದ ಮೇಲೆ ಮ್ಯಾನೇಜರನಿಂದ ಮೇಲ್ ಬಂತು. ನಮ್ಮ ಹಿರಿಯರು ಪುರಭವನದಲ್ಲಿ ಚಿತ್ರ ನೋಡಿ ಬಹಳ ಬೇಸರ ಮಾಡಿಕೊಂಡಿದ್ದಾರೆ, ಕಿಟಕಿಗಳ ವಿಷಯ ನಿಮಗೆ ಹೇಳಿಯಾಗಿದೆ ಎನ್ನುತ್ತಿದ್ದಾರೆ, ಮಿನಿಟ್ಸ್ ತೆಗೆದು ನೋಡಿದೆ, ಅಂಥದ್ದೇನೂ ಇಲ್ಲ, ಅವರಿಗೂ ಅದನ್ನೇ ತೋರಿಸಿದೆ, ವಯಸ್ಸಾಗಿದೆ, ಹೇಳಿದ್ದು ಹೇಳದ್ದು ಕಲಸಿಹೋಗುತ್ತದೆ, ಇನ್ನು ಮುಂದೆ ಕರೆಗಳಿಗೆ ಅವರನ್ನು ಕೂರಿಸಿ ನಿಮ್ಮ ಸಮಯ ಹಾಳು ಮಾಡುವುದಿಲ್ಲ. ಪರವಾಗಿಲ್ಲ ಎಂದು ಒಂದು ನಗುಮುಖ ಸೇರಿಸಿ ಉತ್ತರಿಸಿದೆ. ಅಂದು ಮಧ್ಯಾಹ್ನ ಪ್ಯಾಂಟ್ರಿಯಲ್ಲಿ ಐಟಂಗೆ ಒಂದು ಹೊಸ ಸಾಲು ಸೇರಿತು: ‘ಹೇಳಿದ್ದೀನಿ, ಯಂಗ್ ಮ್ಯಾನ್, ಹೇಳಿದ್ದೀನಿ.’ ಅದಕ್ಕೂ ನಕ್ಕರು. ಈಗ ಇದನ್ನು ಬರೆಯುವಾಗ ಕೈ ನಿಲ್ಲುವುದು ಇಲ್ಲಿ.

ಬೆಡೋಕ್‌ನಲ್ಲಿ ನಾನು ಒಂದು ರೂಮು ಬಾಡಿಗೆಗಿದ್ದ ಮನೆಯ ಆಂಟಿ ಚಾಮರಾಜನಗರದ ಕಡೆಯವರು. ಅಂಕಲ್ ಬ್ಯಾಂಕಿನಲ್ಲಿದ್ದರು. ಆ ವಾರ ಶನಿವಾರ ಸಂಜೆ ಎರಡು ಕನ್ನಡ ಕುಟುಂಬಗಳು ಬಂದಿದ್ದವು. ಅವಲಕ್ಕಿ ಒಗ್ಗರಣೆ, ಕಾಫಿ, ಜೊತೆಗೆ ನಾನು. ಆಂಟಿ ನನ್ನನ್ನು ತಿಂಡಿಯಂತೆಯೇ ಬಂದವರ ಮುಂದಿಡುತ್ತಿದ್ದರು. ಎಂಆರ್‌ಟಿ ಹೆಂಗಸು ಆಯಿತು, ಲೀಡ್ ಆಯಿತು, ಅಂಕಲ್ ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯೊಡನೆ ಜಗಳವಾಡುವುದು ಆಯಿತು. ಕೊನೆಗೆ ಅಜ್ಜ. ಗದ್ದ ಎತ್ತಿದೆ, ಶಿಳ್ಳೆ ಹಾಕಿದೆ, ನಾಲ್ಕನೇ ಮಹಡಿ ಹತ್ತಿದೆ, ಪರದೆ ಎಳೆದೆ. ಎಲ್ಲರೂ ನಕ್ಕರು. ಆಂಟಿ ಮಾತ್ರ ಕಾಫಿ ಲೋಟ ಹಿಡಿದು ನಿಂತೇ ಇದ್ದರು.

“ಅದ್ಯಾಕೋ ಎಳೀತಿದ್ರು?” ಎಂದರು.

“ಅದೇ ಆಂಟಿ ಜೋಕು. ಗ್ರೌಂಡ್ಸ್‌ಮನ್ ಅವ್ರು. ಅವ್ರಿಗೇನು ಕೆಲ್ಸ ಅಲ್ಲಿ.”

“ಕೆಲ್ಸ ಇಲ್ದೆ ದಿನಾ ನಾಲ್ಕು ಮಹಡಿ ಹತ್ತಕ್ಕೆ ಅವ್ರಿಗೇನು ಹುಚ್ಚಾ? ನಾನೂ ದಿನಾ ಎಳೆಯಲ್ವಾ, ಅಲ್ ನೋಡು.”

ಅವರು ಗದ್ದದಿಂದ ತೋರಿಸಿದ ಕಡೆ ನೋಡಿದೆ. ಅವರ ಹಾಲ್ ಪೂರ್ವಕ್ಕಿತ್ತು. ಪೂರ್ವದ ಹಾಲಿಗೆ ಸಂಜೆ ಬಿಸಿಲು ಬರಬಾರದು. ಆದರೂ ದಪ್ಪ ಕರ್ಟನ್ ಎಳೆದಿತ್ತು. ಅಂಚಿನ ಸಂದಿಯಿಂದ ಒಂದು ಬೆಳಕಿನ ಪಟ್ಟಿ ಒಳಗೆ ಬಂದು ಟಿವಿಯ ಮೇಲೆ ಬಿದ್ದಿತ್ತು. ಎದುರಿಗೆ ಎದ್ದ ಹೊಸ ಬ್ಲಾಕಿನ ಗಾಜು, ಹಿಂದಿನಿಂದ ಬಂದ ಸೂರ್ಯನನ್ನು ಹಿಡಿದು ನಮ್ಮ ಮನೆಗೆ ಎಸೆಯುತ್ತಿತ್ತು. ಐದೂವರೆ ಆಯ್ತು ಅಂದ್ರೆ ಕಣ್ಣಿಗೇ ಹೊಡೆಯುತ್ತೆ ಕಣೋ, ಧಾರಾವಾಹಿಯಲ್ಲಿ ಯಾರು ಅತ್ತೆ ಯಾರು ಸೊಸೆ ಗೊತ್ತಾಗಲ್ಲ ಎಂದು ಆಂಟಿ ಒಳಗೆ ಹೋದರು. ಅವರ ಮಾತಿಗೆ ನನ್ನ ಐಟಂಗಿಂತ ದೊಡ್ಡ ನಗು ಬಂತು. ನಾನು ನಗಲಿಲ್ಲ. ಮೋಡ ಇದ್ದರೆ ಮಾತ್ರ ರಜಾ. ಆ ಮಾತನ್ನು ನಾನು ಎಷ್ಟು ಬಾರಿ ಹೇಳಿದ್ದೆನೋ ಲೆಕ್ಕವಿಲ್ಲ. ಒಂದು ಬಾರಿಯೂ ಕೇಳಿಸಿಕೊಂಡಿರಲಿಲ್ಲ.

ಭಾನುವಾರ ಆಫೀಸಿಗೆ ಹೋದೆ. ನಾವು ಮೊದಲೇ ಮಾಡಿದ್ದ ಬಿಸಿಲಿನ ಅಧ್ಯಯನ ತೆರೆದೆ. ಅದು ನೆಟ್ಟಗೇ ಇತ್ತು: ಯಾವ ಸೀಟಿಗೆ ಯಾವ ಹೊತ್ತಿಗೆ ನೆರಳು, ಯಾವ ಫೀಲ್ಡರನ ಕಣ್ಣಿಗೆ ನೇರ ಸೂರ್ಯ. ಆದರೆ ಅದರಲ್ಲಿ ಗೋದಾಮಿನ ಕಿಟಕಿಗಳು ಸರ್ವೆಯಂತೆ ಪ್ಲೈವುಡ್. ಗಾಜು ಇದ್ದದ್ದು ನನ್ನ ಚೆಂದದ ಚಿತ್ರದಲ್ಲಿ ಮಾತ್ರ. ಪ್ಲೈವುಡ್ ತೆಗೆದು ಗಾಜು ಹಾಕಿದೆ, ಪ್ರತಿಫಲನ ಸೇರಿಸಿದೆ, ಬ್ಯಾಟರನ ಕಣ್ಣಿರುವಲ್ಲಿ ಒಂದು ಬಿಂದು ಇಟ್ಟೆ, ತಾರೀಕುಗಳನ್ನು ಒಂದೊಂದಾಗಿ ಓಡಿಸಿದೆ.

ಏಪ್ರಿಲ್‌ನಲ್ಲಿ ಏನೂ ಇಲ್ಲ. ಒಂದು ಕ್ಷಣ ಉಸಿರು ಬಿಟ್ಟೆ. ಮೇ ಕೊನೆಯ ವಾರಕ್ಕೆ ಬಂದಾಗ ಬಿಂದು ಕೆಂಪಾಯಿತು. ಅಲ್ಲಿಂದ ಜುಲೈ ಮಧ್ಯದವರೆಗೆ, ಪ್ರತಿ ಸಂಜೆ, ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ, ಹನ್ನೊಂದು ಹನ್ನೆರಡು ನಿಮಿಷ. ಏಳಕ್ಕೆ ಆಟ ಶುರುವಾದರೆ ಅದು ಹೆಚ್ಚುಕಡಿಮೆ ನಾಲ್ಕನೇ ಇನಿಂಗ್ಸ್. ಕಣ್ಣಿನಿಂದ ಕಿಟಕಿಗೆ ಗೆರೆ ಎಳೆದೆ. ನಲವತ್ತು ಅಡಿಯ ಗೋಡೆಯಾಗಿದ್ದರೆ ಆ ಗೆರೆ ಗೋಡೆಗೆ ಬಡಿಯುತ್ತಿತ್ತು. ಹಳೆಯ ಮೈದಾನದ ಗೋಡೆ ಅಷ್ಟು ಎತ್ತರ ಇದ್ದಿರಲಾರದು, ಅದಕ್ಕೇ ಅಜ್ಜನಿಗೆ ಪರದೆ ಬೇಕಾಗಿತ್ತು. ಹದಿನೆಂಟು ಅಡಿಯ ಗೋಡೆಯ ಮೇಲಿಂದ ಆರಾಮಾಗಿ ದಾಟಿ ಬರುತ್ತಿತ್ತು. ಪಿಚರನ ಕೈ ಆ ಹೊಳಪಿನ ಕೆಳಗೇ. ಆ ಹನ್ನೊಂದು ನಿಮಿಷ ಬ್ಯಾಟರನಿಗೆ ಚೆಂಡು ಕಾಣುವುದಿಲ್ಲ. ತಲೆಯ ಹತ್ತಿರ ಬಂದರೆ ತಪ್ಪಿಸಿಕೊಳ್ಳುವುದಕ್ಕೂ ಆಗುವುದಿಲ್ಲ.

ಸಿಂಗಪುರದ ಸೂರ್ಯ ಏಳು ಗಂಟೆಗೆ ತೆಂಗಿನಕಾಯಿ ಬಿದ್ದಂತೆ ನೆಟ್ಟಗೆ ಬೀಳುತ್ತಾನೆ. ಮೈಸೂರಿನವನೂ ಬಹಳ ಹೊತ್ತು ಸತಾಯಿಸುವುದಿಲ್ಲ. ಅಷ್ಟು ಉತ್ತರದ ಊರಿನಲ್ಲಿ ಬೇಸಿಗೆಯ ಸೂರ್ಯ ಓರೆಯಾಗಿ ಜಾರುತ್ತಾ, ದಿಗಂತದ ಮೇಲೆ ಗಂಟೆಗಟ್ಟಲೆ ಕೂತು, ಕಂಡ ಕಂಡ ಗಾಜಿಗೆ ಕೈಹಾಕುತ್ತಾನೆ. ನಮ್ಮ ಇಡೀ ಆಫೀಸಿನಲ್ಲಿ ಅಂಥ ಸಂಜೆಯನ್ನು ಕಂಡು ಬೆಳೆದವರು ಒಬ್ಬರೂ ಇರಲಿಲ್ಲ. ಹೀಗೊಂದು ನೆಪ ಸಿಕ್ಕಿತು ಎಂದು ಖುಷಿಯಾಯಿತು. ಆದರೆ ನೆಪ ಎಷ್ಟು ಹೊತ್ತು ನಿಲ್ಲುತ್ತದೆ? ಕಂಡು ಬೆಳೆದವರೊಬ್ಬರು ನನಗೆ ಕರೆಯಲ್ಲಿ ಹೇಳಿದ್ದರು. ಮೇಲಾಗಿ, ಬೌಲರನ ಹಿಂದೆ ನಾಯಿ ನಡೆದುಹೋದರೂ ಕೈ ಎತ್ತಿ ಆಟ ನಿಲ್ಲಿಸುವ ಆಟದಲ್ಲಿ ಬೆಳೆದವನು ನಾನು. ಸೈಟ್‌ಸ್ಕ್ರೀನ್ ಎತ್ತರ ಇಳಿಸಿ, ಅದರ ಮೇಲೆ ದೀಪ ಹಚ್ಚಿಟ್ಟಿದ್ದೆ.

ಅಂದು ಮಧ್ಯಾಹ್ನವಿಡೀ ನಾನು ಯೋಚಿಸಿದ್ದು ಬ್ಯಾಟರನ ಬಗ್ಗೆಯಲ್ಲ, ತಪ್ಪಿಸಿಕೊಳ್ಳುವ ದಾರಿಯ ಬಗ್ಗೆ. ದಾರಿ ಸುಲಭವಾಗಿತ್ತು. ಗೋಡೆಯ ಉಕ್ಕಿನ ನಕ್ಷೆಗಳು ಹೊರಡುವುದು ಶುಕ್ರವಾರ. ಸೋಮವಾರವೇ ಹೊಸ ಪರಿಷ್ಕರಣೆ ತೆರೆದು, ಗೋಡೆಯನ್ನು ನಲವತ್ತಕ್ಕೆ ಏರಿಸಿ, ‘ಹೆಚ್ಚುವರಿ ಅಧ್ಯಯನದಲ್ಲಿ ಕಂಡುಬಂದಂತೆ’ ಎಂದು ಒಂದು ಸಾಲು ಬರೆದರೆ ಮುಗಿಯಿತು. ಜಾಣ ಹುಡುಗ, ತಾನಾಗಿಯೇ ಹಿಡಿದ ಎಂದು ಹೊಗಳಿದರೂ ಹೊಗಳಿಯಾರು. ಆ ಹೊಗಳಿಕೆಗೆ ನಾನು ಲೀಡ್ ಎದುರು ಹೇಗೆ ತಲೆ ತಗ್ಗಿಸಬೇಕು ಎಂಬುದನ್ನೂ ಗಾಜಿನ ಬಾಗಿಲಿನಲ್ಲಿ ನನ್ನನ್ನೇ ನೋಡುತ್ತಾ ಒಮ್ಮೆ ಅಭ್ಯಾಸ ಮಾಡಿದೆ. ನನ್ನ ಮಿಮಿಕ್ರಿಗಳಲ್ಲಿ ಅದು ಎಲ್ಲಕ್ಕಿಂತ ಚೆನ್ನಾಗಿ ಬಂತು.

ಆ ದಾರಿಯಲ್ಲಿ ಬ್ಯಾಟರ್ ಉಳಿಯುತ್ತಿದ್ದ, ನಾನೂ ಉಳಿಯುತ್ತಿದ್ದೆ. ಉಳಿಯದವರು ಒಬ್ಬರೇ. ತಮ್ಮ ಊರಿನಲ್ಲಿ, ತಮ್ಮದೇ ಮೈದಾನದ ವಿಷಯದಲ್ಲಿ, ಬುದ್ಧಿ ಕಲಸಿಹೋದ ಮುದುಕ ಎಂದು ನನ್ನ ಮಿನಿಟ್ಸ್ ತೋರಿಸಿ ಹೇಳಿಸಿಕೊಂಡವರು. ಬಹುಶಃ ಅವರೂ ಆ ಕಾಗದ ನೋಡಿ ತಮ್ಮ ಮೇಲೆಯೇ ಅನುಮಾನ ಪಟ್ಟಿರಬೇಕು. ಹೇಳಿದ್ದೆನೋ ಇಲ್ಲವೋ ಎಂದು.

ಸೋಮವಾರ ಬೆಳಿಗ್ಗೆ ಲೀಡ್‌ನ ಕೋಣೆಗೆ ಹೋಗಿ ಮೊದಲು ಕೆಂಪು ಬಿಂದು ತೋರಿಸಿದೆ. ಅವಳು ತಾರೀಕುಗಳನ್ನು ತಾನೇ ಎರಡು ಸಲ ಓಡಿಸಿ ನೋಡಿದಳು. ಇದು ಹೇಗೆ ಹೊಳೆಯಿತು ಎಂದಳು. ನನಗೆ ಹೊಳೆದದ್ದಲ್ಲ, ಅವರು ಹೇಳಿದ್ದರು ಎಂದೆ. ಮಿನಿಟ್ಸ್‌ನಲ್ಲಿ ಇಲ್ಲವಲ್ಲ ಎಂದಳು. ಆ ಕರೆಯನ್ನು ಯಾರೂ ರೆಕಾರ್ಡ್ ಮಾಡಿರಲಿಲ್ಲ. ಅವರು ಹೇಳಿದ್ದಕ್ಕೆ ಇದ್ದ ಒಂದೇ ಸಾಕ್ಷಿ ಗೆಳೆಯನ ಫೋನಿನಲ್ಲಿತ್ತು. ಅದನ್ನು ಬೆಳಿಗ್ಗೆಯೇ ಅವನಿಂದ ತರಿಸಿಕೊಂಡಿದ್ದೆ. ಮೇಜಿನ ಮೇಲಿಟ್ಟು ಒತ್ತಿದೆ.

ನನ್ನ ಗದ್ದ ಮೇಲೆದ್ದಿತು. ಶಿಳ್ಳೆ. ರಸ್ತೆ ದಾಟಿ, ನಾಲ್ಕನೇ ಮಹಡಿ, ಪರದೆಗಳು, ಮೋಡ. ಒಂದು ಮಾತೂ ಬಿಟ್ಟಿರಲಿಲ್ಲ. ಮಿನಿಟ್ಸ್‌ಗಿಂತ ನನ್ನ ಕುಚೇಷ್ಟೆಯೇ ನಿಖರವಾಗಿತ್ತು. ಹಿಂದಿನಿಂದ ನಗುವಿನ ಅಲೆ. ಅದರ ನಡುವೆ ಒಂದು ಹೆಣ್ಣಿನ ನಗು, ಗಟ್ಟಿಯಾಗಿ.

ವಿಡಿಯೊ ಮುಗಿದ ಮೇಲೆ ಲೀಡ್ ಫೋನನ್ನು ಮಗುಚಿ ಇಟ್ಟಳು.

“ಆ ನಗು ನಂದು,” ಎಂದಳು. “ನಾನೂ ಕೇಳಲಿಲ್ಲ. ಗೋಡೆ ಬಗ್ಗೆ ಕೇಳು ಅಂತ ಕಳಿಸಿದ್ದು ನಾನೇ.”

ಅವಳು ಬೈದಿದ್ದರೆ ಅವಳ ಧ್ವನಿಯಲ್ಲೇ ಆ ಬೈಗುಳವನ್ನು ಮನಸ್ಸಿನಲ್ಲಿ ಹೇಳಿಕೊಂಡು ಪಾರಾಗುತ್ತಿದ್ದೆ. ಬೈಯಲಿಲ್ಲ. ಕಾಗದ ತೆಗೆದು ಮಾಡಬೇಕಾದ್ದನ್ನು ಬರೆದಳು. ಉಕ್ಕಿನ ನಕ್ಷೆಗಳನ್ನು ತಡೆಹಿಡಿಯುವುದು. ಗೋಡೆ ನಲವತ್ತಕ್ಕೆ ವಾಪಸ್. ಫ್ಲಾಟ್ ಕಟ್ಟುವವರಿಗೆ ಮೇಲಿನ ಕಿಟಕಿಗಳಿಗೆ ಹೊಳಪಿಲ್ಲದ ಗಾಜಿನ ಸಲಹೆ. ಚಿತ್ರ ಹೊಸದು. ತಿದ್ದಿದ ಮಿನಿಟ್ಸ್ ಮೇಲ್‌ನಲ್ಲಿ. ನಾನು ಕೊನೆಯದಕ್ಕೆ ಅಡ್ಡ ಬಂದೆ. ಮೇಲ್‌ನಲ್ಲಿ ತಿದ್ದಿದರೆ ಮ್ಯಾನೇಜರ್ ಓದುತ್ತಾನೆ, ಅಜ್ಜನಿಗೆ ಯಾರು ಹೇಳುತ್ತಾರೆ. ಅವರನ್ನು ಕರೆಗೆ ಕೂರಿಸಲು ಹೇಳಬೇಕು, ಮ್ಯಾನೇಜರನ ಎದುರಿಗೇ ಹೇಳಬೇಕು ಎಂದೆ.

“ಕ್ಯಾನ್,” ಎಂದಳು. “ಮಾತಾಡೋದು ನೀನು.”

ಬುಧವಾರ ಬೆಳಿಗ್ಗೆ ಎಂಟಕ್ಕೆ ಅವರು ಬಂದರು. ಅದೇ ಟೋಪಿ. ಈ ಸಲ ಪರದೆಯ ಮಧ್ಯೆ ಕೂತಿರಲಿಲ್ಲ. ಮ್ಯಾನೇಜರನ ಹಿಂದೆ, ಅರ್ಧ ಮುಖ ಮಾತ್ರ ಕಾಣುವಂತೆ, ಕರೆದದ್ದಕ್ಕೆ ಬಂದವರಂತೆ ಕೂತಿದ್ದರು. ನಾನು ಕ್ಯಾಮೆರಾ ಹಾಕಿದೆ. ಬರೆದುಕೊಂಡಿದ್ದ ಚೀಟಿ ಮುಂದಿತ್ತು. ಓದಿದೆ: ನೀವು ಆವತ್ತು ಹೇಳಿದ್ದಿರಿ, ನಾನು ಬರೆಯಲಿಲ್ಲ. ಮ್ಯಾನೇಜರ್ ಅದು ಪರವಾಗಿಲ್ಲ, ಎಲ್ಲರಿಗೂ ಆಗುತ್ತೆ ಎನ್ನತೊಡಗಿದ. ನಾನು ನಿಲ್ಲಿಸಲಿಲ್ಲ. ಅಜ್ಜನ ಮಾತುಗಳನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ರಸ್ತೆ ದಾಟಿದ್ದು, ಹತ್ತಿದ್ದು, ಎಳೆದದ್ದು, ಮೋಡ. ಮೊದಲ ಬಾರಿಗೆ ನನ್ನ ಧ್ವನಿಯಲ್ಲಿ. ಶಿಳ್ಳೆ ಬರುವ ಜಾಗಗಳಲ್ಲಿ ನಾಲಿಗೆ ತಾನಾಗಿ ಹಲ್ಲಿಗೆ ಹೋಗುತ್ತಿತ್ತು, ಎಳೆದು ಹಿಡಿದೆ. ಲೀಡ್ ಕೆಂಪು ಬಿಂದುವನ್ನು ತೋರಿಸಿದಳು. ಮ್ಯಾನೇಜರ್ ಕುರ್ಚಿ ಸರಿಸಿದ. ಅಜ್ಜ ಮಧ್ಯಕ್ಕೆ ಬಂದರು.

ಬಿಂದುವನ್ನು ಅವರು ಬಹಳ ಹೊತ್ತು ನೋಡಲಿಲ್ಲ. ನನ್ನನ್ನೇ ನೋಡಿದರು.

“ಬರೆದುಕೊಳ್ಳಲಿಲ್ಲ ಅಂತೀಯ. ಒಂದು ಮಾತೂ ಬಿಡದೆ ಹೇಳ್ತೀಯ. ಹೇಗೆ?”

ಈ ಪ್ರಶ್ನೆಗೆ ಚೀಟಿಯಲ್ಲಿ ಉತ್ತರ ಇರಲಿಲ್ಲ. ನಾನು ಜನರ ಧ್ವನಿ ಮಾಡುತ್ತೇನೆ ಸರ್, ನಿಮ್ಮದೂ ಮಾಡುತ್ತಿದ್ದೆ, ಆಫೀಸಿನವರನ್ನು ನಗಿಸಲು, ಅದಕ್ಕೇ ಬಾಯಿಪಾಠ ಎಂದೆ. ಪಕ್ಕದಲ್ಲಿ ಲೀಡ್ ತನ್ನ ಪೆನ್ನನ್ನೇ ನೋಡುತ್ತಿದ್ದಳು.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗುತ್ತಾರೆ ಎಂದು ನಾನು ಇಡೀ ಮೈಯನ್ನು ಸಿದ್ಧಮಾಡಿಕೊಂಡಿದ್ದೆ.

“ಮೋಡದ ತನಕ ಹೇಳಿದೆ,” ಎಂದರು. “ಅದಾದ ಮೇಲೆ ಹೇಳಿದ್ದು?”

ಕೇಳಿಸಿಕೊಳ್ಳಲಿಲ್ಲ ಸರ್, ಸದ್ದು ಇಳಿ‌ಸಿದ್ದೆ ಎಂದೆ.

ಅವರು ಟೋಪಿ ತೆಗೆದು ಮೇಜಿನ ಮೇಲಿಟ್ಟು, ಇನ್ನೊಮ್ಮೆ ಹೇಳಿದರು. ಒಂದು ಜೂನ್ ಸಂಜೆ ಅವರು ರಸ್ತೆ ದಾಟಲಿಲ್ಲ. ಗೇಟಿನ ಹತ್ತಿರ ಯಾರ ಜೊತೆಗೋ ಮಾತಾಡುತ್ತಾ ನಿಂತಿದ್ದರು; ಮಾತು ಚೆನ್ನಾಗಿತ್ತು, ಹೊತ್ತು ಹೋದದ್ದು ತಿಳಿಯಲಿಲ್ಲ. ಬ್ಯಾಟರ್ ಕಣ್ಣಿಗೆ ಕೈ ಅಡ್ಡ ಹಿಡಿದದ್ದು ಅವರಿಗೆ ನಿಂತಲ್ಲಿಂದಲೇ ಕಂಡಿತು. ಚೆಂಡು ಕೆನ್ನೆಯ ಮೂಳೆಗೆ ಬಡಿದ ಸದ್ದು ಗೇಟಿನವರೆಗೂ ಕೇಳಿಸಿತು. ಆ ಆಟಗಾರ ಬದುಕಿದ; ಒಂದು ಕಣ್ಣು ಹೋಯಿತು. ಮತ್ತೆ ಆಡಲಿಲ್ಲ. ಊರಿನಲ್ಲೇ ಉಳಿದು ಟೈರ್ ಅಂಗಡಿ ಇಟ್ಟ. ಪರದೆಯ ವಿಷಯ ಅವನಿಗಾಗಲಿ ಯಾರಿಗಾಗಲಿ ಗೊತ್ತಿರಲಿಲ್ಲ. ಅದು ಗ್ರೌಂಡ್ಸ್‌ಮನ್‌ನ ಸ್ವಂತ ಕೆಲಸವಾಗಿತ್ತು, ಯಾರೂ ಹೇಳಿದ್ದಲ್ಲ. ಹಾಗಾಗಿ ಯಾರೂ ಕೇಳಲೂ ಇಲ್ಲ. ಎಷ್ಟೋ ವರ್ಷಗಳಾದ ಮೇಲೆ ಮೊದಲ ಬಾರಿಗೆ ಬಾಯಿಬಿಟ್ಟದ್ದು ನನ್ನ ಎದುರು, ಆ ಕರೆಯಲ್ಲಿ.

“ಹೇಳಿ ಮುಗಿಸಿ ಕಾಯ್ತಾ ಕೂತಿದ್ದೆ,” ಎಂದರು. “ನೀನು ಥ್ಯಾಂಕ್ಯೂ ಅಂದೆ.”

ಮ್ಯಾನೇಜರ್ ಅವರ ಭುಜದ ಮೇಲೆ ಕೈ ಇಡಲು ಹೋಗಿ ಇಡದೆ ನಿಲ್ಲಿಸಿದ. ಲೀಡ್ ಒಂದು ವಾರದಲ್ಲಿ ಗೋಡೆಯ ಹೊಸ ನಕ್ಷೆ ಕಳಿಸುತ್ತೇವೆ, ಮೊದಲು ನೀವು ನೋಡಬೇಕು ಎಂದು ಅವರಿಗೇ ಹೇಳಿದಳು. ಅವರು ತಲೆಯಾಡಿಸಿದರು. ನಾನು ಕ್ಷಮೆ ಕೇಳಿದೆ. ಅದಕ್ಕೂ ತಲೆಯಾಡಿಸಿದರು, ಎರಡು ತಲೆಯಾಟಗಳಿಗೂ ವ್ಯತ್ಯಾಸ ಇತ್ತೋ ಇಲ್ಲವೋ, ಅಷ್ಟು ಚೆನ್ನಾಗಿ ಜನರನ್ನು ನೋಡುವ ನನಗೆ ಇವತ್ತಿಗೂ ಗೊತ್ತಿಲ್ಲ.

ಹೊಸ ಚಿತ್ರ ಮಾಡಿದೆ. ಕಡು ಹಸಿರಿನ ದೊಡ್ಡ ಗೋಡೆ, ಅದರ ಹಿಂದೆ ಗೋದಾಮಿನ ಬರೀ ಸೂರು. ನನ್ನ ಕೈಯಿಂದ ಬಂದ ಅತ್ಯಂತ ಸಪ್ಪೆ ಚಿತ್ರ. ಪುರಭವನದಲ್ಲಿ ಅದನ್ನು ಸಣ್ಣದಾಗಿ ಮುದ್ರಿಸಿದರಂತೆ. ಪ್ಯಾಂಟ್ರಿಯಲ್ಲಿ ಒಬ್ಬ ಅಭ್ಯಾಸ ಬಲದಿಂದ ಬ್ಲೈಂಡ್ ಎಳೆದು ನನ್ನತ್ತ ನೋಡಿದ. ನಾನು ನಡೆದದ್ದನ್ನು ಹೇಳಿದೆ. ಅವನು ಎದ್ದು ಬ್ಲೈಂಡನ್ನು ಮತ್ತೆ ಮೇಲೇರಿಸಿದ.

ಆ ಕರೆಯ ಮಿನಿಟ್ಸ್ ಬರೆಯಲು ಒಂದಿಡೀ ಮಧ್ಯಾಹ್ನ ಹಿಡಿಯಿತು. ಗೋಡೆ, ಗಾಜು, ತಾರೀಕು ಎಲ್ಲ ಸಲೀಸಾಗಿ ಬಂತು. ಜೂನ್ ಸಂಜೆಯ ಹತ್ತಿರ ಕೈ ನಿಂತಿತು. ಇದನ್ನು ಊರಿನ ಕಮಿಟಿಯವರೆಲ್ಲ ಓದುತ್ತಾರೆ. ಟೈರ್ ಅಂಗಡಿಯವನಿಗೂ ಮುಟ್ಟಬಹುದು. ಬಿಟ್ಟುಬಿಡುವುದಕ್ಕೆ ಆಗದು, ಒಮ್ಮೆ ಬಿಟ್ಟಾಗಿದೆ. ಕೊನೆಗೆ ಹೀಗೆ ಬರೆದೆ: ಒಂದು ಸಂದರ್ಭದಲ್ಲಿ ಪರದೆ ಎಳೆಯಲು ತಡವಾದ ಕಾರಣ ಆಟಗಾರರೊಬ್ಬರಿಗೆ ಗಾಯವಾಗಿದೆ. ಬೇರೆ ಯಾರಿಗೂ ಕಳಿಸುವ ಮುನ್ನ ಅವರೊಬ್ಬರಿಗೇ ಕಳಿಸಿ, ಇದು ಸರಿಯೇ, ಯಾವುದನ್ನಾದರೂ ತೆಗೆಯಬೇಕೇ ಎಂದು ಕೇಳಿದೆ.

ಎರಡು ದಿನ ಉತ್ತರ ಬರಲಿಲ್ಲ. ಮೂರನೆಯ ಬೆಳಿಗ್ಗೆ ಬಂತು. ತೆಗೆಯುವುದು ಏನೂ ಇಲ್ಲ, ಒಂದು ಕಡೆ ತಿದ್ದಬೇಕು ಎಂದು ಬರೆದಿದ್ದರು. ‘ತಡವಾಯಿತು ಅಂತ ಹಾಕಿದ್ದೀಯ. ತಡವಾಗಲಿಲ್ಲ. ನಾನು ಹೋಗಲೇ ಇಲ್ಲ. ಹಾಗೇ ಬರೆ.’